ಎರಡಿಂಚಿನ ಅಹಂಕಾರ

ಅಮೆರಿಕದ ಇಂಡಿಯಾನಾ ರಾಜ್ಯದ ಉತ್ತರದ ಅಂಚಿನಲ್ಲಿ ಎಲ್ಕ್‌ಹಾರ್ಟ್ ಎಂಬ ಊರಿದೆ. ಮಂಚ, ಒಲೆ, ಫ್ರಿಜ್, ಕಕ್ಕಸು ಸಮೇತ ಪಿಕಪ್‌ಗಳ ಬೆನ್ನಿಗೆ ಬಿದ್ದು ಆ ದೇಶ ಸುತ್ತುವ ಟ್ರಾವೆಲ್ ಟ್ರೇಲರ್‌ಗಳಲ್ಲಿ ಬಹುಪಾಲು ಹುಟ್ಟುವುದು ಆ ಸೀಮೆಯ ಕಾರ್ಖಾನೆಗಳಲ್ಲೇ. ಅಲ್ಲೇ ಸಮೀಪದ ಕ್ಯಾಂಪ್‌ಗ್ರೌಂಡೊಂದರಲ್ಲಿ, ದಾವಣಗೆರೆ ಕಡೆಯ ಎಂಜಿನಿಯರೊಬ್ಬರ ಪಿಕಪ್ಪಿನ ಎಡಬಾಗಿಲಿಗೆ ತಗುಲಿಕೊಂಡಿದ್ದ ಟೋಯಿಂಗ್ ಮಿರರ್, ಅಂದರೆ ಟ್ರೇಲರ್ ಎಳೆಯುವಾಗ ಬೇಕಾಗುವ ಉದ್ದ ತೋಳಿನ ಕನ್ನಡಿ, ನಮ್ಮ ಪತ್ರಿಕೆಯ ಮಾತಿಗೆ ಸಿಕ್ಕಿತು. ಬಲಬಾಗಿಲಿನದು ಮಾತ್ರ, "ನನ್ನನ್ನು ಪೂರ್ತಿ ನಂಬಬೇಡಿ ಅಂತ ಸರ್ಕಾರವೇ ಮೈಮೇಲೆ ಬರೆಸಿದೆ, ನನ್ನ ಹೇಳಿಕೆ ತಗೊಂಡು ಏನು ಮಾಡ್ತೀರಿ?" ಎಂದು ಸಂದರ್ಶನ ಕೊಡಲು ಒಪ್ಪಲಿಲ್ಲ.

ಪತ್ರಿಕೆ: ನಮಸ್ಕಾರ. ಮೊದಲಿಗೆ ತಮ್ಮ ಪರಿಚಯ...

ಕನ್ನಡಿ: ಪರಿಚಯ ಆಮೇಲೆ. ನೀವು ಒಂದು ಹೆಜ್ಜೆ ಹೊರಗೆ ಬನ್ನಿ ಸ್ವಾಮಿ, ಟ್ರೇಲರಿಗೆ ಒರಗಿ ನಿಂತರೆ ನನಗೆ ನಿಮ್ಮ ಭುಜ ಮಾತ್ರ ಕಾಣುತ್ತೆ. ಹಾಂ, ಈಗ ಸರಿ. ಕೇಳಿ.

ಪತ್ರಿಕೆ: ಪಿಕಪ್ಪಿಗೆ ಕಂಪನಿಯವರೇ ಎರಡು ಸೈಡ್ ಮಿರರ್ ಕೊಟ್ಟಿರುತ್ತಾರಲ್ಲ? ಅದರ ಮೇಲೆ ತಾವು ಯಾಕೆ?

ಕನ್ನಡಿ: ಎಲ್ಲರೂ ಇದನ್ನೇ ಕೇಳುತ್ತಾರೆ. ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ದೊಡ್ಡ ಗಾತ್ರದ ಪಿಕಪ್ಪಿನ ಮೈ ಅಗಲ ಸುಮಾರು 80 ಇಂಚು. ಮಾಮೂಲಿ ಕನ್ನಡಿಗಳನ್ನೂ ಸೇರಿಸಿಕೊಂಡರೆ 96ರ ಆಸುಪಾಸು. ನಡುಮಧ್ಯದಿಂದ ಅಳೆದರೆ ಒಂದೊಂದು ಕಡೆಗೆ 48. ಇನ್ನು ಹಿಂದಿರುವ ಮನೆ ನೋಡಿ. ಅದರ ಅಗಲ 96 ಇರಬಹುದು, ರಸ್ತೆಗೆ ಬಿಡುವ ಗರಿಷ್ಠ ಮಿತಿ 102 ಇಂಚೂ ಇರಬಹುದು. ಅಂದರೆ ನಡುವಿನಿಂದ 51. ಮಾಮೂಲಿ ಕನ್ನಡಿಯ ಹೊರ ಅಂಚು 48ಕ್ಕೇ ಮುಗಿಯಿತು, ಗೋಡೆ 51ರವರೆಗೆ ನಿಂತಿದೆ. ಆ ಕನ್ನಡಿ ದಿನವಿಡೀ ನೋಡುವುದೇನನ್ನು? ಟ್ರೇಲರಿನ ಮುಂಗೋಡೆಯನ್ನು. ನನ್ನನ್ನು ಹಾಕಿದ ಪಿಕಪ್ಪಿನ ಅಗಲ 106ರ ಹತ್ತಿರ ಬರುತ್ತದೆ. ಒಂದು ಕಡೆಗೆ 53. ಗೋಡೆಗಿಂತ ಎರಡಿಂಚು ಆಚೆ. ನನ್ನ ಅಹಂಕಾರವೆಲ್ಲ ಆ ಎರಡಿಂಚಿನದು.

ಪತ್ರಿಕೆ: ಎರಡೇ ಇಂಚಿಗೆ ಇಷ್ಟೊಂದಾ?

ಕನ್ನಡಿ: ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತ ನಿಮ್ಮಲ್ಲಿ ಗಾದೆ ಇದೆ. ಅದನ್ನು ಹೇಳಿದವರು ಮೂವತ್ತಡಿ ಟ್ರೇಲರ್ ಎಳೆದವರಲ್ಲ. ಆ ಟ್ರೇಲರಿನ ಪಕ್ಕದಲ್ಲಿ ಒಂದು ಇಡೀ ಕಾರು ಅಡಗಿ ಕೂರಬಹುದು. ಲೇನ್ ಬದಲಿಸುವಾಗ ಅದು ಅಲ್ಲಿದೆ ಅಂತ ಹೇಳುವುದು ಈ ಎರಡಿಂಚೇ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಕಾನೂನೂ ಅದನ್ನೇ ಕೇಳುತ್ತದೆ, ಹಿಂದಿನ ರಸ್ತೆ ಕಡಿಮೆಯೆಂದರೆ 200 ಅಡಿ ಕಾಣಬೇಕು ಅಂತ. ಬ್ರಿಟನ್ನಿನಲ್ಲಿ ಇನ್ನೂ ಬಿಗಿ. ಕಾರಿಗಿಂತ ಅಗಲದ ಕ್ಯಾರವಾನನ್ನು ಸರಿಯಾದ ಕನ್ನಡಿ ಇಲ್ಲದೆ ಎಳೆದರೆ 1,000 ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ 3 ಪಾಯಿಂಟ್.

ಪತ್ರಿಕೆ: ಹಾಗಾದರೆ ಗ್ರಾಹಕರು ತಮ್ಮನ್ನು ಬಹಳ ಯೋಚಿಸಿ ಆರಿಸುತ್ತಾರೆ ಅನ್ನಿ.

ಕನ್ನಡಿ: (ನಕ್ಕು) ಆರಿಸುವುದೆಲ್ಲಿ ಬಂತು? ನಮ್ಮ ಯಜಮಾನರು ಪಿಕಪ್ ಕೊಳ್ಳಲು ಹೋದಾಗ ಕೇಳಿದ್ದು ಇಷ್ಟು: ಹಾರ್ಸ್‌ಪವರ್ ಎಷ್ಟು, ಎಷ್ಟು ಸಾವಿರ ಪೌಂಡ್ ಎಳೆಯುತ್ತದೆ, ಸೀಟು ಚರ್ಮದ್ದೋ ಬಟ್ಟೆಯದೋ, ಚಳಿಗಾಲದಲ್ಲಿ ಸ್ಟಿಯರಿಂಗ್ ಬೆಚ್ಚಗಾಗುತ್ತದೋ ಇಲ್ಲವೋ. ಸೇಲ್ಸ್‌ಮನ್ ಒಂದೊಂದಕ್ಕೂ ಒಂದೊಂದು ಪ್ಯಾಕೇಜ್ ತೋರಿಸಿದ. ಮುಂದಕ್ಕೆ ಹೋಗುವುದಕ್ಕೆ ಬೇಕಾದ್ದೆಲ್ಲ ಕೊಂಡಾಯಿತು. ಹಿಂದೆ ನೋಡುವುದು ನೆನಪಾದದ್ದು ಟ್ರೇಲರ್ ಕಟ್ಟಿ ಅಂಗಳದಿಂದ ಹೊರಬಿದ್ದ ಮೇಲೆ! ಅಷ್ಟು ಹೊತ್ತಿಗೆ ಜೇಬು ಖಾಲಿ. ಅರವತ್ತು ಸಾವಿರ ಡಾಲರಿನ ಪಿಕಪ್ಪಿಗೆ ನಲವತ್ತು ಡಾಲರಿನ ಕ್ಲಿಪ್-ಆನ್ ಜೋಡಿ ತಂದರು.

ಪತ್ರಿಕೆ: ಕ್ಲಿಪ್-ಆನ್ ಅಂದರೆ?

ಕನ್ನಡಿ: ಇರುವ ಕನ್ನಡಿಯ ಮೇಲೆ ರಬ್ಬರ್ ಪಟ್ಟಿ ಹಾಕಿ ಬಿಗಿಯುವ ಜಾತಿ. ಅಗೋ, ನಾನು ಬಂದ ಮೇಲೆ ಹಿಂದಿನ ಡಬ್ಬಿಯಲ್ಲಿ ಹಗ್ಗದ ಕೆಳಗೆ ಬಿದ್ದಿವೆ. ಅವಮಾನ ಮಾಡುತ್ತಿಲ್ಲ, ಬಡವರ ಮನೆಯ ಮಕ್ಕಳು, ವರ್ಷಕ್ಕೊಮ್ಮೆ ಎರಡು ಗಂಟೆ ದೂರ ಹೋಗಿ ಬರುವವರಿಗೆ ಸಾಕು. ಆದರೆ ಗಂಟೆಗೆ 65 ಮೈಲಿ ದಾಟಿದಿರೋ, ಮಲೇರಿಯಾ ಬಂದವರ ಹಾಗೆ ನಡುಗಲು ಶುರು. ಹಿಂದೆ ಬರುತ್ತಿರುವುದು ಲಾರಿಯೋ, ಪೊಲೀಸ್ ಕಾರೋ, ಸಂಜೆ ಮಳೆಯೋ ಒಂದೂ ಗೊತ್ತಾಗುವುದಿಲ್ಲ. ಪಟ್ಟಿಯ ಕೆಳಗೆ ಧೂಳು ಸೇರಿ ಬಣ್ಣ ಗೀರುವುದು ಬೇರೆ. ಅದೇ ಪಿಕಪ್ಪಿನ ಮಾದರಿಗೆ ಅಳತೆ ಹಿಡಿದು, ಗವಸಿನ ಹಾಗೆ ಮೇಲಿಂದ ತೊಡಿಸುವ ಜಾತಿಯೂ ಒಂದಿದೆ. ಅದು ಇದಕ್ಕಿಂತ ವಾಸಿ, ನಡುಗುವುದು ಕಡಿಮೆ. ಆದರೆ ನಿಮ್ಮ ಗಾಡಿಯ ಮಾಡೆಲ್ಲಿಗೆ, ಅದೇ ವರ್ಷಕ್ಕೆ ಹೊಂದುವುದನ್ನೇ ತರಬೇಕು.

ಪತ್ರಿಕೆ: ನಡುಕ ತಮ್ಮ ವಂಶದಲ್ಲೇ ಇದೆ ಅಂತ ಕೇಳಿದ್ದೇವೆ.

ಕನ್ನಡಿ: ಯಾರು ಹೇಳಿದರು? ...ಇರಲಿ, ಮುಚ್ಚಿಡುವುದೇನು. ನಮ್ಮ ಮೂಲಪುರುಷನೂ ಈ ಇಂಡಿಯಾನಾದವನೇ. 1911ರ ಮೇ 30. ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿ ರೇಸು. ಉಳಿದ ಕಾರುಗಳಲ್ಲಿ ಚಾಲಕನ ಪಕ್ಕಕ್ಕೆ ಒಬ್ಬ ಮೆಕ್ಯಾನಿಕ್ ಕೂತು ಹಿಂದೆ ಯಾರು ಬರುತ್ತಿದ್ದಾರೆ ಅಂತ ಕೂಗಿ ಹೇಳಬೇಕು. ರೇ ಹ್ಯಾರೂನ್ ಎಂಬಾತ ತನ್ನ ಹಳದಿ ಮಾರ್ಮನ್ ಕಾರಿನಲ್ಲಿ ಒಬ್ಬನೇ ಬಂದ. 'ಇವನಿಗೆ ಹಿಂದೆ ಕಾಣುವುದಿಲ್ಲ, ನಮಗೆಲ್ಲ ಅಪಾಯ' ಅಂತ ಉಳಿದವರು ತಕರಾರು ತೆಗೆದರು. ಈತ ಸ್ಟಿಯರಿಂಗಿನ ಮೇಲೆ ಒಂದು ಚಿಕ್ಕ ಕನ್ನಡಿ ನಿಲ್ಲಿಸಿ ಬಾಯಿ ಮುಚ್ಚಿಸಿದ. 6 ಗಂಟೆ 42 ನಿಮಿಷದಲ್ಲಿ ಆ ಕಾರೇ ಗೆದ್ದಿತು. ಆ ಕಾರು ಇವತ್ತಿಗೂ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ.

ಪತ್ರಿಕೆ: ಹೆಮ್ಮೆಯ ಸಂಗತಿಯಲ್ಲವೇ!

ಕನ್ನಡಿ: ಪೂರ್ತಿ ಕೇಳಿ. ಆ ಟ್ರ್ಯಾಕಿಗೆ ಹಾಸಿದ್ದು ಇಟ್ಟಿಗೆ. ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಅಂತ ಆ ಪುಣ್ಯಾತ್ಮ ಎಷ್ಟೋ ವರ್ಷದ ಮೇಲೆ ತಾನೇ ಬಾಯಿಬಿಟ್ಟ. ಅಂದರೆ ನಮ್ಮ ವಂಶದ ಮೊದಲ ಸೇವೆ ಅಧಿಕಾರಿಗಳ ಸಮಾಧಾನಕ್ಕೆ. ನಿಮ್ಮ ಕಡೆ ಹೆಲ್ಮೆಟ್ಟನ್ನು ಪೊಲೀಸರಿಗಾಗಿ ಮೊಣಕೈಗೆ ನೇತುಹಾಕಿಕೊಂಡು ಹೋಗುವವರಿದ್ದಾರಂತಲ್ಲ, ಅವರಿಗೆ ಈತ ಆದಿಗುರು. ನಿಜವಾದ ಬುದ್ಧಿ ಹೇಳಿದ್ದು ಅದಕ್ಕೂ ಎರಡು ವರ್ಷ ಮುಂಚೆ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಹೆಣ್ಣುಮಗಳು. ಕಾರು ಓಡಿಸುವ ಹೆಂಗಸರು ಕೈಗನ್ನಡಿಯೊಂದನ್ನು ಇಟ್ಟುಕೊಳ್ಳಿ, ಎತ್ತಿ ಹಿಡಿದರೆ ಹಿಂದಿನ ರಸ್ತೆ ಕಾಣುತ್ತದೆ ಅಂತ 1909ರಲ್ಲೇ ಪುಸ್ತಕದಲ್ಲಿ ಬರೆದಿದ್ದಳು. ಮ್ಯೂಸಿಯಮ್ಮಿನಲ್ಲಿ ಜಾಗ ಸಿಕ್ಕಿದ್ದು ಅದುರಿದ ಕನ್ನಡಿಗೆ.

ಪತ್ರಿಕೆ: ತಮ್ಮ ಬಲಗಡೆಯ ತಮ್ಮನ ವಿಚಾರ?

ಕನ್ನಡಿ: ಅವನಲ್ಲಿರುವುದು ಉಬ್ಬುಗಾಜು. ಹೆಚ್ಚು ಅಗಲ ತೋರಿಸುತ್ತಾನೆ, ಎಲ್ಲವನ್ನೂ ಚಿಕ್ಕದು ಮಾಡಿ ದೂರ ಇದ್ದಂತೆ ತೋರಿಸುತ್ತಾನೆ. ಅದಕ್ಕೇ, 'ಕಾಣುವುದಕ್ಕಿಂತ ಹತ್ತಿರದಲ್ಲಿವೆ' ಅಂತ ಗಾಜಿನ ಮೇಲೇ ಬರೆಸಬೇಕೆಂದು ಅಮೆರಿಕದ ಕೇಂದ್ರ ಸರ್ಕಾರದ ನಿಯಮ. ಈ ದೇಶದಲ್ಲಿ ಉಬ್ಬಿಸಿ ಹೇಳುವವರು ಬೇಕಾದಷ್ಟಿದ್ದಾರೆ, ಟೀವಿಯಲ್ಲಿ, ಸಂಸತ್ತಿನಲ್ಲಿ. ಹಣೆಯ ಮೇಲೆ ಎಚ್ಚರಿಕೆ ಬರೆಸಿಕೊಂಡವನು ಇವನೊಬ್ಬನೇ. ನನ್ನ ಕೆಳಮೂಲೆಯಲ್ಲೂ ಒಂದು ಚಿಕ್ಕ ಉಬ್ಬುಗಾಜಿದೆ, ಟ್ರೇಲರಿನ ಗಾಲಿ, ಪಕ್ಕದ ಲೇನು ನೋಡುವುದಕ್ಕೆ. ದೂರ ಅಳೆಯಲು ಮೇಲಿನ ಚಪ್ಪಟೆ ಗಾಜು, ಯಾರಾದರೂ ಇದ್ದಾರೋ ಇಲ್ಲವೋ ತಿಳಿಯಲು ಕೆಳಗಿನದು. ಕೆಲವರು ಮಾಮೂಲಿ ಕನ್ನಡಿಗೆ ಒಂದು ರೂಪಾಯಿ ಅಗಲದ ಉಬ್ಬುಗಾಜು ಅಂಟಿಸಿ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತಾರೆ. ಗೋಡೆಯ ಹಿಂದೆ ನಿಂತು ಎಷ್ಟು ಉಬ್ಬಿದರೂ ಕಾಣುವುದು ಗೋಡೆಯೇ.

ಪತ್ರಿಕೆ: ಒಳಗಿನ ಕನ್ನಡಿ, ವಿಂಡ್‌ಶೀಲ್ಡಿನ ನಡುವೆ ನೇತಾಡುವುದು, ಅದರ ಸಹಕಾರ ಹೇಗಿದೆ?

ಕನ್ನಡಿ: ಟ್ರೇಲರ್ ಕಟ್ಟಿದ ಕ್ಷಣದಿಂದ ಅವರಿಗೆ ಕೆಲಸ ಇಲ್ಲ. ಟ್ರೇಲರಿನ ಮುಂಗೋಡೆ ಒಂದನ್ನೇ ನೋಡುತ್ತ ಕೂತಿರುತ್ತಾರೆ. ಆದರೆ ಆಸನ ನಡುಮಧ್ಯದಲ್ಲೇ, ಮಳೆ ಬಿಸಿಲು ತಾಗದ ಜಾಗದಲ್ಲೇ. ನೀವು ಸರ್ಕಾರಿ ಕಚೇರಿಗಳನ್ನು ನೋಡಿದ್ದೀರಲ್ಲ, ವಿವರಿಸುವುದು ಬೇಡ.

ಪತ್ರಿಕೆ: ಈಗ ಎಲ್ಲ ಕ್ಯಾಮೆರಾ ಕಾಲ. ತಮ್ಮ ನೌಕರಿ ಎಷ್ಟು ದಿನ?

ಕನ್ನಡಿ: 2018ರ ಮೇ ತಿಂಗಳಿಂದ ಇಲ್ಲಿ ಹೊಸ ಕಾರುಗಳಿಗೂ ಬಹುಪಾಲು ಪಿಕಪ್ಪುಗಳಿಗೂ ಹಿಂಬದಿ ಕ್ಯಾಮೆರಾ ಕಡ್ಡಾಯ. ಟ್ರೇಲರ್ ಕಟ್ಟಿದ ಮೇಲೆ ಅದಕ್ಕೆ ಕಾಣುವುದು ಹಿಚ್ಚು, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿ, ಮತ್ತೆ ಗೋಡೆ. ಹಿಚ್ಚಿಗೆ ನೇರ ನಿಲ್ಲಿಸಲು ಬಹಳ ಉಪಕಾರಿ, ಸುಳ್ಳು ಹೇಳಬಾರದು. ಜಪಾನಿನವರು 2016ರಲ್ಲೇ ಕನ್ನಡಿಯ ಜಾಗಕ್ಕೆ ಕ್ಯಾಮೆರಾ ಇಡಬಹುದು ಅಂದುಬಿಟ್ಟರು. ಅಮೆರಿಕದ ನಿಯಮ ಇನ್ನೂ ಗಾಜನ್ನೇ ಕೇಳುತ್ತದೆ. ಕೆಸರು ಸಿಡಿದರೆ ನನ್ನನ್ನು ಅಂಗಿಯ ತೋಳಲ್ಲಿ ಒರೆಸಬಹುದು.

ಪತ್ರಿಕೆ: ಹಳೆಯ ಕನ್ನಡಿ ಬಿಚ್ಚಿ ತಮ್ಮನ್ನು ಕೂರಿಸುವುದು ಸುಲಭವೇ?

ಕನ್ನಡಿ: ಬೋಲ್ಟು ಸುಲಭ, ವೈರು ಕಷ್ಟ. ಬಿಸಿಗಾಜು, ಇಂಡಿಕೇಟರು, ಬ್ಲೈಂಡ್ ಸ್ಪಾಟ್ ದೀಪ, ಮಡಚುವ ಮೋಟಾರು, ಪ್ರತಿಯೊಂದಕ್ಕೂ ಬೇರೆ ತಂತಿ. ಬಾಗಿಲಿನೊಳಗಿನ ಪ್ಲಗ್ಗಿಗೆ ಎಷ್ಟು ಪಿನ್ ಇವೆ ನೋಡದೆ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಎಡಕ್ಕೆ ಇಂಡಿಕೇಟರ್ ಹಾಕಿದಾಗ ಉರಿಯುವುದು ನಿಮ್ಮ ಹೊಟ್ಟೆ ಮಾತ್ರ. ಹಳೆಯ ಕನ್ನಡಿಯಲ್ಲಿ ಸುತ್ತು ಕ್ಯಾಮೆರಾ ಇದ್ದರೆ ಅದು ಹೊಸದರಲ್ಲೂ ಇದೆಯೇ ಕೇಳಬೇಕು. ಪಿಕಪ್ ಕೊಳ್ಳುವ ದಿನವೇ ಕಂಪನಿಯ ಟೋಯಿಂಗ್ ಮಿರರ್ ಹಾಕಿಸಿಕೊಂಡವರಿಗೆ ಈ ಪುರಾಣವೇ ಬೇಡ.

ಪತ್ರಿಕೆ: ಟ್ರೇಲರೇ ಇಲ್ಲದೆ ತಮ್ಮಂಥವರನ್ನು ಹಾಕಿಕೊಂಡು ಊರೊಳಗೆ ತಿರುಗುವ ಪಿಕಪ್ಪುಗಳನ್ನೂ ಕಂಡಿದ್ದೇವೆ.

ಕನ್ನಡಿ: ಅವರ ವಿಷಯ ಎತ್ತಬೇಡಿ, ನನ್ನ ಗಾಜು ಮಂಜಾಗುತ್ತದೆ. ಹಿಂದೆ ಹಿಚ್ಚಿಗೆ ತುಕ್ಕು, ಮುಂದೆ ತೋಳು ಪೂರ್ತಿ ಚಾಚಿದ ಕನ್ನಡಿ. ಹಾಲು, ಬ್ರೆಡ್ಡು ತರಲು ಹೊರಟಿರುತ್ತಾರೆ. ಇಲ್ಲಿ ಒಂದು ಕಾರಿನ ಗ್ಯಾರೇಜ್ ಬಾಗಿಲು ಒಂಬತ್ತಡಿ ಇದ್ದರೆ ದೊಡ್ಡದು. 108 ಇಂಚು. ನಾವು 106. ಒಂದೊಂದು ಕಡೆಗೆ ಒಂದಿಂಚು ಉಳಿಯಿತು. ಎಂಟಡಿ ಬಾಗಿಲಾದರೆ ಲೆಕ್ಕವೇ ಬೇಡ. ನನ್ನ ದೊಡ್ಡಪ್ಪನ ಮಗನೊಬ್ಬ ಬ್ಯಾಂಕಿನ ಡ್ರೈವ್-ಥ್ರೂ ಕಂಬಕ್ಕೆ ಪ್ರಾಣ ಬಿಟ್ಟ. ಜೀವಮಾನದಲ್ಲಿ ಒಂದು ಟ್ರೇಲರಿನ ಮುಖ ನೋಡಿರಲಿಲ್ಲ, ಪಾಪ. ಎಳೆಯುವುದು ಮುಗಿದ ಮೇಲೆ ತೋಳು ಒಳಗೆಳೆದುಕೊಳ್ಳುವಂಥದನ್ನೇ ಆರಿಸಿ ಅನ್ನುವುದು ಅದಕ್ಕೇ.

ಪತ್ರಿಕೆ: ತಮ್ಮನ್ನು ಹೊಂದಿಸುವ ಕ್ರಮ?

ಕನ್ನಡಿ: ಟ್ರೇಲರ್ ಕಟ್ಟಿ, ನೆಟ್ಟಗೆ ನಿಲ್ಲಿಸಿ, ಚಾಲಕ ತಾನು ಓಡಿಸುವಾಗ ಕೂರುವ ಹಾಗೆಯೇ ಕೂರಬೇಕು. ನನ್ನ ಒಳ ಅಂಚಿನಲ್ಲಿ ಟ್ರೇಲರಿನ ಪಕ್ಕ ಒಂದು ಸಣ್ಣ ಪಟ್ಟಿಯಷ್ಟು ಕಾಣಲಿ, ಬಾಕಿಯೆಲ್ಲ ರಸ್ತೆ. ಆಮೇಲೆ ಮನೆಯವರೊಬ್ಬರು ಟ್ರೇಲರಿನ ಹಿಂಭಾಗದಿಂದ ಸುತ್ತ ನಡೆದು ಬರಬೇಕು. ಎಲ್ಲಿ ಮಾಯವಾಗುತ್ತಾರೋ ಅದೇ ನಿಮ್ಮ ಕುರುಡು ಜಾಗ, ಚೆನ್ನಾಗಿ ನೆನಪಿಡಿ. ಎಷ್ಟು ಒಳ್ಳೆಯ ಕನ್ನಡಿ ತಂದರೂ ಅದು ಸೊನ್ನೆಯಾಗುವುದಿಲ್ಲ. ಬಲಕ್ಕೆ ತಿರುಗುವಾಗ ನನಗೆ ಕಾಣುವುದು ಪಕ್ಕದ ಜೋಳದ ಹೊಲ, ತಮ್ಮನಿಗೆ ಕಾಣುವುದು ಟ್ರೇಲರಿನ ಗೋಡೆ.

ಪತ್ರಿಕೆ: ರಿವರ್ಸ್ ಹಾಕುವಾಗ?

ಕನ್ನಡಿ: ಅದೊಂದು ನಾಟಕ, ಟಿಕೆಟ್ ಇಡಬಹುದು. ಮೊನ್ನೆ ಇದೇ ಕ್ಯಾಂಪ್‌ಗ್ರೌಂಡಿನಲ್ಲಿ ಯಜಮಾನರು ರಿವರ್ಸ್ ಹಾಕುತ್ತಿದ್ದರು, ಅಮ್ಮಾವ್ರು ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ..." ಅನ್ನುತ್ತಿದ್ದರು. ಅಕ್ಕಪಕ್ಕದ ಬಿಳಿಯರೆಲ್ಲ ಕುರ್ಚಿ ಎಳೆದುಕೊಂಡು ಕೂತರು. ಅಮ್ಮಾವ್ರು ನಿಂತಿದ್ದು ಟ್ರೇಲರಿನ ನಡು ಹಿಂದೆ, ಅಂದರೆ ನನಗೂ ತಮ್ಮನಿಗೂ ಇಬ್ಬರಿಗೂ ಕಾಣದ ಜಾಗ. "ಲೆಫ್ಟ್ ಕಟ್ ಮಾಡ್ರೀ" ಅಂದರು. ಯಾರ ಲೆಫ್ಟು? ಸ್ಟಿಯರಿಂಗಿನದೋ ಟ್ರೇಲರಿನದೋ? ಇವರು ಎಡಕ್ಕೆ ತಿರುಗಿಸಿದರು, ಟ್ರೇಲರು ಬಲಕ್ಕೆ ಹೋಯಿತು. ಕೊನೆಗೆ ಕೆಎಸ್‌ಆರ್‌ಟಿಸಿ ಕಂಡಕ್ಟರಿನ ಗಂಟಲಲ್ಲಿ "ಹೋಲ್ಡಾನ್!" ಅಂದಾಗ ಕರೆಂಟಿನ ಕಂಬಕ್ಕೆ ಒಂದು ಗೇಣು ಬಾಕಿ.

ಪತ್ರಿಕೆ: ತಪ್ಪು ಯಾರದು?

ಕನ್ನಡಿ: ಇಬ್ಬರೂ ಒಬ್ಬರನ್ನೊಬ್ಬರು ಎರಡು ಗಂಟೆ ಕೇಳಿಕೊಂಡರು, ನನ್ನನ್ನು ಕೇಳಲಿಲ್ಲ. ಸ್ಟಿಯರಿಂಗನ್ನು ಅದರ ಕೆಳ ಅಂಚಿನಲ್ಲಿ ಹಿಡಿದರೆ ಕೈ ಹೋದ ಕಡೆಗೇ ಟ್ರೇಲರಿನ ಹಿಂಭಾಗ ಹೋಗುತ್ತದೆ. ಆದಷ್ಟು ನನ್ನ ಕಡೆಗೇ, ಅಂದರೆ ಚಾಲಕನ ಕಡೆಗೇ, ಟ್ರೇಲರನ್ನು ತಿರುಗಿಸಿ ನಿಲ್ಲಿಸಬೇಕು, ಅಲ್ಲಿ ಕಣ್ಣಿಗೆ ಕಾಣುತ್ತದೆ. ಸನ್ನೆ ಮಾಡುವವರಿಗೆ ನನ್ನಲ್ಲಿ ಚಾಲಕನ ಮುಖ ಕಾಣದಿದ್ದರೆ ಚಾಲಕನಿಗೂ ಅವರು ಕಾಣುತ್ತಿಲ್ಲ. ಮರುದಿನ ಅಮ್ಮಾವ್ರು ತಾವೇ ಸ್ಟಿಯರಿಂಗ್ ಹಿಡಿದರು, ಯಜಮಾನರನ್ನು ಹಿಂದೆ ನಿಲ್ಲಿಸಿದರು. ಒಂದೇ ಏಟಿಗೆ ನೆಟ್ಟಗೆ ಹೋಗಿ ನಿಂತಿತು. ಯಜಮಾನರು ಅದನ್ನು ದಾವಣಗೆರೆಗೆ ಫೋನ್ ಮಾಡಿ ಹೇಳಲಿಲ್ಲ.

ಪತ್ರಿಕೆ: ಕೊನೆಯದಾಗಿ, ನಮ್ಮ ಓದುಗರಲ್ಲಿ ಅಮೆರಿಕದಲ್ಲಿ ಪಿಕಪ್ ಕೊಳ್ಳಲು ಹೊರಟವರಿಗೆ?

ಕನ್ನಡಿ: ಸೇಲ್ಸ್‌ಮನ್ ಹತ್ತಿರ ಹೋಗುವ ಮುಂಚೆ ಟೇಪು ಹಿಡಿದು ಟ್ರೇಲರಿನ ಅಗಲ ಅಳೆಯಿರಿ, ಕಾಗದದ ಮೇಲಿನ ಅಂಕಿ ನಂಬಬೇಡಿ, ಸುತ್ತಿಟ್ಟ ಮೇಲಾವರಣ ಪಕ್ಕದಲ್ಲಿ ಹೊರಗೆ ಚಾಚಿದ್ದರೆ ಅದನ್ನೂ ಸೇರಿಸಿ. ಕನ್ನಡಿಯ ಹೊರ ಅಂಚು ಎರಡೂ ಕಡೆ ಅದಕ್ಕಿಂತ ಆಚೆ ಬರಬೇಕು. ಬರದಿದ್ದರೆ ಚರ್ಮದ ಸೀಟು ಬಿಡಿ, ಕನ್ನಡಿ ಹಾಕಿಸಿಕೊಳ್ಳಿ.