ದುಃಖಕ್ಕೆ 27 ಅಂಕ

ಅಮೆರಿಕದಲ್ಲಿ ದುಃಖಕ್ಕೆ ಗರಿಷ್ಠ ಅಂಕ 27. ಅದಕ್ಕಿಂತ ಹೆಚ್ಚು ದುಃಖಪಡಲು ನಮೂನೆಯಲ್ಲಿ ಜಾಗವಿಲ್ಲ. ಪಿಎಚ್‌ಕ್ಯೂ-9 ಎಂಬ ಆ ಪ್ರಶ್ನೆಪತ್ರಿಕೆಯಲ್ಲಿ ಇರುವುದು ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಮನಸ್ಸು ಕುಗ್ಗಿತ್ತು, ಎಷ್ಟು ದಿನ ನಿದ್ದೆ ಕೆಟ್ಟಿತ್ತು, ಎಷ್ಟು ದಿನ ಊಟ ಸೇರಲಿಲ್ಲ ಎಂದು ಟಿಕ್ ಹಾಕುತ್ತ ಹೋದರಾಯಿತು. ಐದು ಬಂದರೆ ಅಲ್ಪ ಖಿನ್ನತೆ, ಹತ್ತು ಬಂದರೆ ಮಧ್ಯಮ, ಇಪ್ಪತ್ತು ಮುಟ್ಟಿದರೆ ತೀವ್ರ. ನಮ್ಮ ಕಡೆ ಹೆಚ್ಚು ಅಂಕ ತೆಗೆದವರಿಗೆ ಸೀಟು ಸಿಗುತ್ತದೆ. ಅಲ್ಲಿ ಹೆಚ್ಚು ಅಂಕ ತೆಗೆದವರಿಗೆ ವೇಟಿಂಗ್ ಲಿಸ್ಟು ಸಿಗುತ್ತದೆ.

ಪ್ರಶ್ನೆಪತ್ರಿಕೆಯ ಮೇಲೆ ನನ್ನ ತಕರಾರೇನಿಲ್ಲ. 2001ರಲ್ಲಿ ತಾನೇ ಪರೀಕ್ಷೆಗೆ ಕೂತು ಪಾಸಾಗಿದೆ, ಬಿಟ್ಟಿ ಸಿಗುತ್ತದೆ, ಕನ್ನಡದಲ್ಲೂ ಇದೆ. ಅದನ್ನು ಸಿದ್ಧಪಡಿಸಲು ಹಣ ಕೊಟ್ಟದ್ದು ಫೈಜರ್ ಕಂಪನಿ. ಝೊಲೋಫ್ಟ್ ಎಂಬ ಖಿನ್ನತೆಯ ಮಾತ್ರೆ ಮಾರುತ್ತಿದ್ದದ್ದೂ ಅದೇ ಕಂಪನಿ. ಅಕ್ಕಿ ಅಂಗಡಿಯವನೇ ಊರಿಗೆಲ್ಲ ಪುಕ್ಕಟೆ ಸೇರು ಹಂಚಿದನೆಂದು ಅನುಮಾನ ಪಡುವುದು ಬೇಡ, ಸೇರಿನ ಅಳತೆ ಸರಿಯಾಗಿಯೇ ಇದೆ. ಅಳೆದಾದ ಮೇಲೆ ಏನು ಮಾಡುತ್ತಾರೆ ಎಂಬುದಷ್ಟೇ ನನ್ನ ಕುತೂಹಲ.

ಅಳೆದಾದ ಮೇಲೆ ಆ ಕಾಗದ ಮನೋವೈದ್ಯರ ಮೇಜಿಗೆ ಹೋಗುತ್ತದೆ ಎಂದುಕೊಂಡಿದ್ದರೆ ನೀವು ಸಿನಿಮಾ ಜಾಸ್ತಿ ನೋಡಿದ್ದೀರಿ. ಮನೋವೈದ್ಯಕೀಯ ಸಿಬ್ಬಂದಿಯ ಕೊರತೆ ಇದೆಯೆಂದು ಅಲ್ಲಿನ ಸರ್ಕಾರವೇ ಗುರುತಿಸಿರುವ ಪ್ರದೇಶಗಳಲ್ಲಿ 12 ಕೋಟಿಗೂ ಹೆಚ್ಚು ಜನ ಬದುಕುತ್ತಿದ್ದಾರೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಹಾಗಾಗಿ ಬಹಳಷ್ಟು ಕಡೆ ಕಾಗದ ಬಂದು ಬೀಳುವುದು ಊರಿನ ಸಣ್ಣ ಕ್ಲಿನಿಕ್ಕಿನಲ್ಲಿ ಕೂತ ನರ್ಸ್ ಪ್ರಾಕ್ಟೀಷನರ್ ಮುಂದೆ.

ಈ ವೃತ್ತಿ ಹುಟ್ಟಿದ್ದು 1965ರಲ್ಲಿ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು, ಡಾಕ್ಟರು ಸಿಗದ ಮಕ್ಕಳಿಗೆ ಆರೈಕೆ ಸಿಗಲಿ ಎಂದು ಶುರುಮಾಡಿದರು. ನರ್ಸಿಂಗ್ ಓದಿ, ಅದರ ಮೇಲೆ ಸ್ನಾತಕೋತ್ತರ ಪದವಿಯನ್ನೋ ಡಾಕ್ಟರೇಟನ್ನೋ ಮುಗಿಸಿ, ರೋಗ ಗುರುತಿಸಿ ಮದ್ದು ಬರೆಯುವವರು ಇವರು. ಸಕ್ಕರೆ, ಬಿಪಿ, ಥೈರಾಯ್ಡು, ಮೊಣಕಾಲು, ಮಕ್ಕಳ ಲಸಿಕೆ, ಎಲ್ಲವೂ ಇವರದೇ. ಮನಸ್ಸೂ ದೇಹದೊಳಗೇ ಇರುವುದರಿಂದ ಅದನ್ನೂ ಇವರ ಲೆಕ್ಕಕ್ಕೇ ಸೇರಿಸಲಾಯಿತು. ಇದಕ್ಕೆ ಸಮಗ್ರ ಆರೈಕೆ ಎಂದು ಹೆಸರಿಟ್ಟರು. ಸಮಯ ಮಾತ್ರ ಸಮಗ್ರವಾಗಲಿಲ್ಲ. ಒಬ್ಬರಿಗೆ ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು.

ಆ ಹದಿನೈದು ನಿಮಿಷದ ವೈಭವ ನೋಡಿ. ಬಂದವರು ಸಕ್ಕರೆಯ ರಿಪೋರ್ಟು ತಂದಿರುತ್ತಾರೆ, ಬೆನ್ನು ನೋವೆನ್ನುತ್ತಾರೆ, ಮಾತ್ರೆ ಮುಗಿದಿದೆ ಎನ್ನುತ್ತಾರೆ. ಹದಿನಾಲ್ಕನೇ ನಿಮಿಷಕ್ಕೆ ಎದ್ದು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, ಇನ್ನೊಂದು ವಿಷಯ ಇತ್ತು ಎನ್ನುತ್ತಾರೆ. ಅಸಲು ವಿಷಯ ಅದೇ. ನಮೂನೆ ತಿರುವಿ ನೋಡಿದರೆ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಅಂಕ ಬಿದ್ದಿದೆ. ಬದುಕಿರುವುದಕ್ಕಿಂತ ಸತ್ತರೆ ಮೇಲು ಅನ್ನಿಸಿದೆಯೇ ಎಂದು ಕೇಳುವ ಪ್ರಶ್ನೆ ಅದು. ಈಗ ನರ್ಸ್ ಕೂತು ಕೇಳಬೇಕು: ಯೋಚನೆ ಮಾತ್ರವೇ, ಯೋಜನೆಯೂ ಇದೆಯೇ, ಮನೆಯಲ್ಲಿ ಬಂದೂಕಿದೆಯೇ, ರಾತ್ರಿ ಜೊತೆಗೆ ಯಾರಿರುತ್ತಾರೆ. ಆಚೆ ಕೋಣೆಯಲ್ಲಿ ಕಿವಿ ನೋವಿನ ಮಗು ಅಳುತ್ತಿದೆ. ಕಂಪ್ಯೂಟರು ಮಾತ್ರ ತೃಪ್ತವಾಗಿದೆ, ತಪಾಸಣೆ ಪೂರ್ಣಗೊಂಡಿದೆ ಎಂದು ಹಸಿರು ಗುರುತು ತೋರಿಸುತ್ತಿದೆ.

ಇಷ್ಟಕ್ಕೆ ಕೂಲಿ ಎಷ್ಟು? ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್ ಈ ವಿಷಯದಲ್ಲಿ ಬಹಳ ನಿಖರ. ಡಾಕ್ಟರು ಮಾಡಿದರೆ ನೂರು ಕೊಡುವ ಕೆಲಸಕ್ಕೆ ನರ್ಸ್ ಪ್ರಾಕ್ಟೀಷನರ್ ಮಾಡಿದರೆ 85. ರೋಗಿ ಅದೇ, ಕಣ್ಣೀರು ಅದೇ, ಮದ್ದು ಅದೇ, ಶೇ. 15ರಷ್ಟು ರಿಯಾಯಿತಿ. ಆದರೆ ಇದಕ್ಕೂ ಒಂದು ಒಳದಾರಿ ಉಂಟು. ಮೊದಲ ಸಲ ಡಾಕ್ಟರು ನೋಡಿ ಚಿಕಿತ್ಸೆಯ ಯೋಜನೆ ಬರೆದಿಟ್ಟಿದ್ದು, ಆಮೇಲಿನ ಭೇಟಿಯ ಹೊತ್ತಿಗೆ ಅದೇ ಕ್ಲಿನಿಕ್ಕಿನ ಯಾವುದೋ ಕೋಣೆಯಲ್ಲಿದ್ದರೆ, ನರ್ಸ್ ಮಾಡಿದ ಕೆಲಸಕ್ಕೆ ಡಾಕ್ಟರ ಹೆಸರಲ್ಲಿ ಬಿಲ್ ಹಾಕಿ ಪೂರ್ತಿ ನೂರು ಪಡೆಯಬಹುದು. ದುಡಿಯುವುದು ನರ್ಸ್, ಹೆಸರು ಡಾಕ್ಟರದು, ಹಣ ಕ್ಲಿನಿಕ್ಕಿನದು. ಈ ಪದ್ಧತಿ ನಿಲ್ಲಿಸಿ ಎಂದು ಸಂಸತ್ತಿಗೆ ಸಲಹೆ ಕೊಡುವ ಮೆಡಿಕೇರ್ ಆಯೋಗವೇ 2019ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಕಪಾಟು ಸೇರಿತು, ಪದ್ಧತಿ ಉಳಿಯಿತು.

ನರ್ಸ್‌ಗಳಿಗೆ ಸ್ವತಂತ್ರ ಅಧಿಕಾರ ಕೊಡಬಾರದು, ರೋಗಿಯ ಸುರಕ್ಷತೆಗೆ ಅಪಾಯ ಎಂದು ಅಮೆರಿಕದ ವೈದ್ಯರ ಸಂಘ ಎಷ್ಟೋ ವರ್ಷಗಳಿಂದ ಎದೆ ಬಡಿದುಕೊಳ್ಳುತ್ತಿದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಪೂರ್ಣ ಅಧಿಕಾರ ಕೊಟ್ಟಿವೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಮದ್ದು ಬರೆಯಲು ವೈದ್ಯರೊಬ್ಬರ ಜೊತೆ ಕರಾರು ಇರಲೇಬೇಕು. ರೋಗಿಯ ಮುಖವನ್ನೇ ನೋಡದೆ ಈ ಕರಾರಿಗೆ ತಿಂಗಳು ತಿಂಗಳು ಶುಲ್ಕ ಪಡೆಯುವ ವೈದ್ಯರಿದ್ದಾರೆ. ರೋಗಿ ಸುರಕ್ಷಿತನೋ ಅಲ್ಲವೋ, ಶುಲ್ಕವಂತೂ ಸುರಕ್ಷಿತ.

ಅಪಾಯವನ್ನು ಕಾನೂನು ಹೇಗೆ ತೂಗುತ್ತದೆಂದು ತಿಳಿಯಲು ಅಫೀಮಿನ ಕಥೆ ಕೇಳಿ. ಚಟ ಹತ್ತಿಸುವ ನೋವಿನ ಮಾತ್ರೆಗಳನ್ನು ಅನೇಕ ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಬರೆಯಬಹುದಿತ್ತು. ಆ ಚಟ ಬಿಡಿಸುವ ಬುಪ್ರಿನಾರ್ಫಿನ್ ಬರೆಯಲು 2016ರವರೆಗೆ ಅನುಮತಿಯೇ ಇರಲಿಲ್ಲ. ಆಮೇಲೆ ಸಿಕ್ಕಿತು, ಆದರೆ ಡಾಕ್ಟರಿಗೆ 8 ಗಂಟೆ ತರಬೇತಿ ಸಾಕಾದರೆ ಇವರಿಗೆ 24 ಗಂಟೆ. ಆ ವಿಶೇಷ ಪರವಾನಗಿಯನ್ನೇ ತೆಗೆದುಹಾಕಿದ್ದು 2022ರ ಡಿಸೆಂಬರಿನಲ್ಲಿ, ಒಂದೊಂದು ವರ್ಷ ಲಕ್ಷಕ್ಕೂ ಮೀರಿ ಜನ ಮಾದಕ ವಸ್ತುಗಳ ಅತಿಸೇವನೆಯಿಂದ ಸಾಯತೊಡಗಿದ ಮೇಲೆ. ಹಳ್ಳಕ್ಕೆ ದೂಡಲು ಪರೀಕ್ಷೆಯಿಲ್ಲ, ಮೇಲೆತ್ತಲು ಮಾತ್ರ ಸರ್ಟಿಫಿಕೇಟು ಬೇಕಿತ್ತು.

ಇನ್ನು ವಿಮೆಯ ಬಿಲ್ಲಿನಲ್ಲಿ ಬರೆಯುವ ಕೋಡುಗಳು. ಅಲ್ಲಿ ಕೋಡಿಲ್ಲದ ಸಂಕಟಕ್ಕೆ ಅಸ್ತಿತ್ವವಿಲ್ಲ. ಕೆಲಸ ಹೋದದ್ದಕ್ಕೆ ಝಡ್56.0. ಒಂಟಿಯಾಗಿ ಬದುಕುವ ತೊಂದರೆಗೆ ಝಡ್60.2. ನಮ್ಮ ಧಾರಾವಾಹಿ ಬರೆಯುವವರು ಗಮನಿಸಬೇಕು, ಅತ್ತೆ-ಮಾವ-ಸೊಸೆ ಜಗಳಕ್ಕೂ ಕೋಡಿದೆ, ಝಡ್63.1. ಕೋಡಿದೆ, ಕಾಸಿಲ್ಲ. ಭೇಟಿಯ ಮುಖ್ಯ ಕಾರಣ ಇದೇ ಎಂದು ಬರೆದರೆ ವಿಮೆ ಕಂಪನಿ ಸಾಮಾನ್ಯವಾಗಿ ಹಣ ಬಿಚ್ಚುವುದಿಲ್ಲ. ಎಫ್32, ಅಂದರೆ ಖಿನ್ನತೆ ಎಂದು ಬರೆದರೆ ಬಿಚ್ಚುತ್ತದೆ. ಬಾಡಿಗೆ ಕಟ್ಟಲಾಗದೆ ನಿದ್ದೆಗೆಟ್ಟವನಿಗೆ ಬಾಡಿಗೆ ಸಿಗುವುದಿಲ್ಲ, ಮಾತ್ರೆ ಸಿಗುತ್ತದೆ. ಮಾತ್ರೆ ಅಗ್ಗ, ತಿಂಗಳಿಗೆ ಕೆಲವೇ ಡಾಲರು. ಅದು ಸರಿಯಾಗಿ ಹತ್ತಲು ನಾಲ್ಕಾರು ವಾರ ಬೇಕು. ಅಷ್ಟರೊಳಗೆ ಹೇಗಿದ್ದೀರಿ ಎಂದು ಫೋನು ಮಾಡಿ ಕೇಳುವುದು ದುಬಾರಿ, ಏಕೆಂದರೆ ಅದಕ್ಕೆ ಮನುಷ್ಯರು ಬೇಕು.

ಮಾತಿನ ಚಿಕಿತ್ಸೆ ಬೇಕೆಂದರೆ ನರ್ಸ್ ವಿಮೆ ಕಂಪನಿಯ ಮನೋಚಿಕಿತ್ಸಕರ ಪಟ್ಟಿಯೊಂದನ್ನು ಕೊಡುತ್ತಾರೆ. ದೇಹಕ್ಕೂ ಮನಸ್ಸಿಗೂ ವಿಮೆ ಒಂದೇ ಸಮ ಇರಬೇಕೆಂದು 2008ರಲ್ಲೇ ಕಾಯ್ದೆ ಬಂದಿದೆ; ಆದರೆ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳಿಗೆ ಅದು ಅನ್ವಯಿಸುವುದಿಲ್ಲ. 2023ರಲ್ಲಿ ಸೆನೆಟ್ ಹಣಕಾಸು ಸಮಿತಿಯ ಸಿಬ್ಬಂದಿ ಅಂಥ 12 ಯೋಜನೆಗಳ ಪಟ್ಟಿಯಿಂದ 120 ಹೆಸರು ಆರಿಸಿ ತಾವೇ ಫೋನು ಮಾಡಿದರು. ಭೇಟಿಗೆ ಸಮಯ ಸಿಕ್ಕಿದ್ದು ಶೇ. 18ರಷ್ಟು ಕರೆಗಳಿಗೆ. ಉಳಿದ ನಂಬರುಗಳಲ್ಲಿ ಕೆಲವು ಸತ್ತಿದ್ದವು, ಕೆಲವರು ತಿರುಗಿ ಕರೆ ಮಾಡಲಿಲ್ಲ, ಕೆಲವರು ಹೊಸ ರೋಗಿಗಳು ಬೇಡವೆಂದರು. ಸಮಿತಿ ಇವರನ್ನು ಭೂತಗಳು ಎಂದೇ ಕರೆಯಿತು. ಸೆನೆಟ್ಟಿನ ಸಿಬ್ಬಂದಿ ಸಂಬಳ ಪಡೆದು, ಮನಸ್ಸು ನೆಟ್ಟಗಿಟ್ಟುಕೊಂಡು ಹುಡುಕಿದರೂ ಸಿಗದ ಮನೋಚಿಕಿತ್ಸಕರನ್ನು, ಹಾಸಿಗೆಯಿಂದ ಏಳಲೂ ಮನಸ್ಸಿಲ್ಲದ ರೋಗಿ ಹುಡುಕಿಕೊಳ್ಳಬೇಕು. ಹುಡುಕದಿದ್ದರೆ ಫೈಲಿನಲ್ಲಿ ಬರೆಯುತ್ತಾರೆ: ರೋಗಿ ಸಹಕರಿಸಲಿಲ್ಲ.

ಇದರಲ್ಲಿ ನಮ್ಮವರ ಪಾಲೂ ಇದೆ. ದಾವಣಗೆರೆಯಿಂದ ನ್ಯೂಜೆರ್ಸಿಗೆ ಮೊಮ್ಮಗನನ್ನು ಆಡಿಸಲು ಹೋದ ತಾಯಿಯನ್ನು ಊಹಿಸಿಕೊಳ್ಳಿ. ಹಗಲೆಲ್ಲ ಮನೆಯಲ್ಲಿ ಒಬ್ಬರೇ, ಆಚೆ ಹಿಮ, ಈಚೆ ಟಿವಿ. ತಲೆನೋವು, ಎದೆಯುರಿ ಎಂದು ಮಗ ಕ್ಲಿನಿಕ್ಕಿಗೆ ಕರೆದೊಯ್ಯುತ್ತಾನೆ. ನರ್ಸ್ ಒಂಬತ್ತನೇ ಪ್ರಶ್ನೆ ಕೇಳುತ್ತಾರೆ, ಮಗ ಕನ್ನಡಕ್ಕೆ ತರುತ್ತಾನೆ: “ಅಮ್ಮಾ, ಸತ್ತೋಗ್ಬೇಕು ಅನ್ಸುತ್ತಾ ಅಂತ ಕೇಳ್ತಿದಾರೆ.” “ಥೂ, ಬಿಡ್ತು ಅನ್ನು! ನಿನ್ನ ಮುಂದೆ ಎಂಥ ಮಾತು!” ಮಗ ಇಂಗ್ಲಿಷಿನಲ್ಲಿ ಹೇಳುತ್ತಾನೆ: ಇಲ್ಲವಂತೆ. ಸೊನ್ನೆ ಅಂಕ. ಆ ಮಗನ ನಮೂನೆಯಲ್ಲೂ ಒಂಬತ್ತು ಸೊನ್ನೆಗಳೇ ಇರುತ್ತವೆ, ಏಕೆಂದರೆ ಅವನ ವೀಸಾ ಕೆಲಸಕ್ಕೆ ಕಟ್ಟಿದೆ, ಕೆಲಸ ಮರ್ಯಾದೆಗೆ ಕಟ್ಟಿದೆ. ಊರಲ್ಲಿ ಕೇಳಿದವರಿಗೆ ಇಬ್ಬರೂ ಆರಾಮ್.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಬೇಸರದ ಸಂಗತಿ ಅದೇ. 2002ರಲ್ಲಿ ಇಂಪ್ಯಾಕ್ಟ್ ಎಂಬ ಅಧ್ಯಯನ ಪ್ರಕಟವಾಯಿತು. ಐದು ರಾಜ್ಯಗಳ 18 ಪ್ರಾಥಮಿಕ ಕ್ಲಿನಿಕ್ಕುಗಳು, 60 ದಾಟಿದ 1,801 ಖಿನ್ನರು. ಅರ್ಧ ಜನಕ್ಕೆ ಎಂದಿನ ಚಿಕಿತ್ಸೆ. ಉಳಿದರ್ಧಕ್ಕೆ ಒಬ್ಬೊಬ್ಬ ನರ್ಸನ್ನೋ ಮನಶ್ಶಾಸ್ತ್ರಜ್ಞರನ್ನೋ ಗಂಟುಹಾಕಿದರು. ಅವರು ಫೋನು ಮಾಡಿ ವಿಚಾರಿಸುತ್ತಿದ್ದರು, ಅಂಕ ಇಳಿಯದಿದ್ದರೆ ಮನೋವೈದ್ಯರ ಸಲಹೆ ಪಡೆದು ಮದ್ದು ಬದಲಿಸಲು ಹೇಳುತ್ತಿದ್ದರು. ವರ್ಷ ಕಳೆದಾಗ ಖಿನ್ನತೆ ಅರ್ಧದಷ್ಟಾದರೂ ಇಳಿದಿದ್ದು ಇವರಲ್ಲಿ ಶೇ. 45 ಜನಕ್ಕೆ, ಎಂದಿನ ಚಿಕಿತ್ಸೆಯವರಲ್ಲಿ ಶೇ. 19ಕ್ಕೆ. ಹೊಸ ಮಾತ್ರೆಯೊಂದು ಇಷ್ಟು ಕೆಲಸ ಮಾಡಿದ್ದರೆ ಮರುವಾರವೇ ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು. ಇದು ಮಾತ್ರೆಯಲ್ಲ, ಹೇಗಿದ್ದೀರಿ ಎಂಬ ವಿಚಾರಣೆ. ಅದಕ್ಕೆ ಪೇಟೆಂಟ್ ಸಿಗುವುದಿಲ್ಲ.

ಇದಕ್ಕೆ ಮೆಡಿಕೇರ್ ಪ್ರತ್ಯೇಕವಾಗಿ ಹಣ ಕೊಡಲು ಶುರುಮಾಡಿದ್ದು 2017ರಲ್ಲಿ, ಹದಿನೈದು ವರ್ಷದ ಮೇಲೆ. ಅದೂ ತಿಂಗಳಿಗೆ ಇಷ್ಟು ನಿಮಿಷ ಎಂದು ಲೆಕ್ಕವಿಟ್ಟು ತೋರಿಸಿದರೆ: ಮೊದಲ ತಿಂಗಳು 70, ಆಮೇಲೆ 60. ಇಬ್ಬರು ಮೂವರು ಸಿಬ್ಬಂದಿಯ ಕ್ಲಿನಿಕ್ಕಿನಲ್ಲಿ ನಿಮಿಷ ಎಣಿಸಲಿಕ್ಕೇ ಇನ್ನೊಬ್ಬರು ಬೇಕು. ಇತ್ತ 2016ರಲ್ಲಿ ತಜ್ಞರ ಕಾರ್ಯಪಡೆ ಎಲ್ಲ ವಯಸ್ಕರಿಗೂ ಖಿನ್ನತೆಯ ತಪಾಸಣೆ ಮಾಡಿ ಎಂದಿತು. ಸರಿಯಾದ ರೋಗನಿರ್ಣಯ, ಪರಿಣಾಮಕಾರಿ ಚಿಕಿತ್ಸೆ, ಮುಂದಿನ ವಿಚಾರಣೆಗೆ ವ್ಯವಸ್ಥೆ ಇಟ್ಟುಕೊಂಡು ಮಾಡಿ ಎಂದೂ ಅದೇ ಉಸಿರಿನಲ್ಲಿ ಹೇಳಿತು. ಮೊದಲರ್ಧ ನಮೂನೆಯಾಯಿತು, ಎರಡನೆಯ ಅರ್ಧ ನರ್ಸ್‌ನ ತಲೆಯ ಮೇಲೆ ಕೂತಿತು.

ನನ್ನ ತೀರ್ಪು ಇಷ್ಟೇ. ಕೇಳಿದ ಮೇಲೆ ಉತ್ತರಕ್ಕೆ ಕಿವಿಗೊಡುವ ವ್ಯವಸ್ಥೆ ಇಲ್ಲದಿದ್ದರೆ, ಸಾಯಬೇಕೆನ್ನಿಸುತ್ತದೆಯೇ ಎಂದು ಯಾರನ್ನೂ ಕೇಳಬಾರದು. ನರ್ಸ್‌ಗೆ ಪೂರ್ತಿ ನೂರು ಕೊಡಿ, ಅರ್ಧ ಗಂಟೆ ಕೊಡಿ, ಫೋನು ಮಾಡಲು ಇನ್ನೊಬ್ಬ ನರ್ಸನ್ನು ಕೊಡಿ. ಅಲ್ಲಿರುವ ಕನ್ನಡಿಗರಿಗೂ ಒಂದು ಮಾತು: ಸರ್ಕಾರದ ಹಣ ಪಡೆಯುವ ಕ್ಲಿನಿಕ್ಕು ನಿಮಗೆ ಅನುವಾದಕರನ್ನು ಪುಕ್ಕಟೆಯಾಗಿ ಒದಗಿಸಲೇಬೇಕು, ಅದು ಕಾನೂನು. ಕೇಳಿ ಪಡೆಯಿರಿ. ಮಗನನ್ನು ಹೊರಗೆ ಕೂರಿಸಿ, ನಮೂನೆಗೆ ನಿಜ ಹೇಳಿ. ರಾತ್ರಿ ತೀರಾ ತಡೆಯಲಾಗದಿದ್ದರೆ ಅಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ. ಆ ನಂಬರು ಭೂತವಲ್ಲ.