ಗೂಬೆ ಕೂರಿಸಿಕೊಂಡ ಬಾವ

ದೇವಲಾಪುರದ ನಮ್ಮ ಅಕ್ಕನ ಮನೆಗೆ ಗೂಬೆ ಹೊಕ್ಕಿದೆ. ಹಿಂದಿನ ಕಾಲವಾಗಿದ್ದರೆ ಮನೆಗೆ ಬೀಗ ಹಾಕಿ, ಶಾಂತಿ ಮಾಡಿಸಿಯೇ ಒಳಗೆ ಕಾಲಿಡುತ್ತಿದ್ದರು. ಆದರೆ ಈ ಗೂಬೆ ಹಸಿರು ಬಣ್ಣದ್ದು, ಕೂತಿರೋದು ಸೂರಿನ ಮೇಲಲ್ಲ, ಬಾವನ ಫೋನಿನೊಳಗೆ. ಡುವೋಲಿಂಗೋ ಅಂತ ಆಪು. ಇಂಗ್ಲಿಷ್ ಪಾಠ ಒಂದು ದಿನ ತಪ್ಪಿತೋ, ಗೂಬೆ ಫೋನಿನಲ್ಲೇ ಕೂಗಿ ನೆನಪಿಸುತ್ತೆ.

"ತೊಂಬತ್ನಾಕು ದಿನ ಆಯ್ತು ಕಣಯ್ಯ, ಒಂದಿನಾನೂ ತಪ್ಪಿಸಿಲ್ಲ" ಅಂತ ಬಾವ ಎದೆ ಉಬ್ಬಿಸಿದರು.

"ಮೂವತ್ತು ವರ್ಸದಿಂದ ನನ್ನ ಮಾತು ಒಂದಿನಾನೂ ಕೇಳ್ನಿಲ್ಲ, ಗೂಬೆ ಮಾತು ದಿನಾ ಕೇಳ್ತವ್ರೆ" ಅಂದಳು ಅಕ್ಕ.

ಇಷ್ಟೆಲ್ಲ ಯಾತಕ್ಕೆ ಅಂದರೆ, ಬೆಂಗಳೂರಿನ ಮೊಮ್ಮಗ. ವಿಡಿಯೊ ಕಾಲಿನಲ್ಲಿ ‘ತಾತಾ’, ‘ಅಜ್ಜಿ’ ಅನ್ನೋದಷ್ಟೇ ಕನ್ನಡ, ಮಿಕ್ಕಿದ್ದೆಲ್ಲ ಇಂಗ್ಲಿಷು. ತೊಂಬತ್ತೈದನೇ ದಿನ ಪರೀಕ್ಷೆ ಬಂದೇಬಿಟ್ಟಿತು. "ತಾತಾ, ವಾಟ್ ಡಿಡ್ ಯೂ ಹ್ಯಾವ್ ಫಾರ್ ಲಂಚ್?" ಅಂತು ಮಗು. ಬಾವನ ಗಂಟಲು ಒಣಗಿತು. "ಯೆಸ್, ಯೆಸ್" ಅಂದವರೇ ಹಸು ಕಟ್ಟುತ್ತಿದ್ದ ಅಕ್ಕನ ಕೈಗೆ ಫೋನು ತುರುಕಿದರು. ಅಕ್ಕ ಕೂಡಲೇ "ಮುದ್ದೆ, ಅವರೆಕಾಳು ಸಾರು ಕಣ್ ಮಗ" ಅಂದಳು. ಮಗು "ಓಕೆ ಅಜ್ಜಿ" ಅಂತು. ಗೂಬೆಯಿಲ್ಲದೆ ಅಕ್ಕ ಪಾಸು!

ಹಾಗಂತ ಗೂಬೆ ಮೇಲೆ ಗೂಬೆ ಕೂರಿಸೋದು ನ್ಯಾಯವಲ್ಲ. ಪಾಪ, ಅದು ಪಾಠ ಹೇಳಿಕೊಟ್ಟಿದೆ. ಬಾವ ಕಲಿತಿದ್ದು ಬೆರಳಲ್ಲಿ. ಹಿಂದೆ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಓದು ಕಲಿಯೋದಕ್ಕೇ ಹೆಬ್ಬೆಟ್ಟು ಒತ್ತುತ್ತಾರೆ. ಭಾಷೆ ಇರೋದು ನಾಲಿಗೆಯಲ್ಲಿ, ಅದನ್ನು ಹೊರಳಿಸದೆ ಬಿಟ್ಟರೆ ಹೇಗೆ?

"ಬಾವ, ನಾಚಿಕೆ ಆದ್ರೆ ಫೋನಿನ ಹತ್ರನೇ ಮಾತಾಡಿ, ಅದು ನಗಲ್ಲ" ಅಂತ ಕೀಬೋರ್ಡಿನ ಮೈಕು ತೋರಿಸಿದೆ. ಇಂಗ್ಲಿಷ್‌ಗೆ ಹಾಕಿಕೊಂಡು ಮಾತಾಡಿದರೆ, ಅದಕ್ಕೆ ಏನು ಕೇಳಿಸಿತೋ ಅದನ್ನೇ ಬರೆದು ತೋರಿಸುತ್ತೆ. ಕಾಸು ಬೇಡ, ಮೇಷ್ಟ್ರು ಬೇಡ. ಬಾವ ‘ನಾನು ಹಾಲು ಕಾಯಿಸ್ತೀನಿ’ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳಿದರು. ಫೋನು ಬರೆದಿದ್ದು: ಐ ಈಟ್ ದ ಮಿಲ್ಕ್. ತಿನ್ನೋದಂತೆ, ಹಾಲನ್ನ! ತಪ್ಪು ಫೋನಿನದಲ್ಲ. ನಮ್ಮ ಸೀಮೆಯಲ್ಲಿ ಹಸು ‘ಅಸು’, ಹಾಲು ‘ಆಲು’. ‘ಹೀಟ್’ ಅನ್ನೋದು ‘ಈಟ್’ ಆಗದೆ ಇನ್ನೇನಾದೀತು? "ಬಿಸಿ ಮುದ್ದೆ ಬಾಯಿಗಿಟ್ಟಾಗ ಹಾ ಹಾ ಅಂತೀರಲ್ಲ, ಆ ಉಸಿರು ಅಂಗೈಗೆ ತಾಕಬೇಕು" ಅಂದೆ. ಬಾವ ಅಂಗೈ ಅಡ್ಡ ಹಿಡಿದು ಹಾ ಹಾ ಅನ್ನತೊಡಗಿದರು. ಅಕ್ಕ ನೀರಿನ ಚೊಂಬು ಹಿಡಿದು ಓಡಿಬಂದಳು.

ಇನ್ನು ಕೇಳೋ ಕಸುಬು. ಯೂಗ್ಲಿಷ್ ಅಂತ ಒಂದು ತಾಣವಿದೆ, ಪದ ಬರೆದರೆ ಯೂಟ್ಯೂಬಿನಲ್ಲಿ ಅದನ್ನು ಯಾರ್‍ಯಾರು ಹೇಗೆ ಅಂದಿದ್ದಾರೋ ಒಬ್ಬೊಬ್ಬರ ಬಾಯಿಂದಲೇ ಕೇಳಿಸುತ್ತೆ. ಬಿಬಿಸಿಯವರ ‘6 ಮಿನಿಟ್ ಇಂಗ್ಲಿಷ್’ ಇದೆ: ಇಬ್ಬರ ಮಾತುಕತೆ, ಕೆಲವು ಹೊಸ ಪದ, ಓದಿಕೊಳ್ಳೋಕೆ ಬರಹವೂ ಉಂಟು, ಹಾಲು ಉಕ್ಕೋದರೊಳಗೆ ಮುಗಿದೀತು. ಅದನ್ನು ಕೇಳಿ ಸುಮ್ಮನಿದ್ದರೆ ಉಪಯೋಗವಿಲ್ಲ, ಒಂದೊಂದು ಸಾಲನ್ನೂ ಅದೇ ಏರಿಳಿತದಲ್ಲಿ ಹಿಂದೆಯೇ ಹೇಳಬೇಕು. ಬಾವನಿಗೆ ಇದು ಅರ್ಥವಾಗಲಿಲ್ಲ. ಅಕ್ಕ ಒಳಗಿಂದಲೇ "ಸೋಬಾನೆ ಕಣ್ರೀ, ಮುಂದ್ಲೋರು ಹೇಳ್ದಂಗೆ ಹಿಂದ್ಲೋರು ಎತ್ಕಳೋದು" ಅಂದಳು. ಇಂಗ್ಲಿಷ್ ಕಲಿಸುವವರು ‘ಶ್ಯಾಡೋಯಿಂಗ್’ ಅಂತ ಹೆಸರಿಟ್ಟಿದ್ದು ಇದಕ್ಕೇ. ಮದುವೆ ಚಪ್ಪರದಲ್ಲಿ ನಮ್ಮ ಹೆಂಗಸರು ಯಾವತ್ತಿನಿಂದಲೋ ಮಾಡಿಕೊಂಡು ಬಂದಿದ್ದಾರೆ.

"ಅಷ್ಟೊಂದು ಪದ ಎಲ್ಲಿಂದ ತರ್ಲಯ್ಯ?" ಬಾವನ ಮುಂದಿನ ನೆಪ. ಅಷ್ಟೊಂದೇನೂ ಬೇಡ. ವಾಯ್ಸ್ ಆಫ್ ಅಮೆರಿಕ ರೇಡಿಯೊದವರು 1959ರಲ್ಲೇ ‘ಸ್ಪೆಷಲ್ ಇಂಗ್ಲಿಷ್’ ಅಂತ ಶುರುಮಾಡಿದರು. ಸುಮಾರು 1500 ಪದ, ನಿಧಾನದ ಮಾತು, ಅಷ್ಟರಲ್ಲೇ ಲೋಕದ ಸುದ್ದಿಯೆಲ್ಲ ಹೇಳಿದರು. ಬಾವ ಬೆಳಗ್ಗೆ ಎದ್ದರೆ ಬೋರ್‌ವೆಲ್, ಸ್ಟಾರ್ಟರ್, ಫೇಸು, ಡ್ರಿಪ್ಪು, ಲೋನು. ಅಕ್ಕ ಡೈರಿಗೆ ಹೋದರೆ ಫ್ಯಾಟು, ಎಸ್ಸೆನ್ನೆಫ್ಫು, ಬಿಲ್ಲು. ಪದಗಳೇನೋ ಕೊಟ್ಟಿಗೆ ತುಂಬ ಇವೆ, ನೊಗ ಹೂಡಿಲ್ಲ ಅಷ್ಟೇ. ದಿನಕ್ಕೆ ಐದು ಪದ ಹೂಡಿ ಐದು ವಾಕ್ಯ ಬಾಯಿಬಿಟ್ಟು ಹೇಳಿದರೆ ಸಾಕು. ಕನ್ನಡದ ಪದ ಗೊತ್ತಿದ್ದು ಇಂಗ್ಲಿಷು ಹೊಳೆಯದಿದ್ದರೆ ‘ಅಲರ್’ ಎಂಬ ನಿಘಂಟು ಅಂತರ್ಜಾಲದಲ್ಲಿ ಬಿಟ್ಟಿಯಾಗಿದೆ. ವಿ. ಕೃಷ್ಣ ಅವರು ಕೂಡಿಸಿದ್ದು, ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ.

"ನಮ್ಮ ನಾಗಮಂಗಲದ ಕಡೆಯೋರ್ಗೆ ಇಂಗ್ಲಿಷ್ ಹತ್ತಲ್ಲ ಬುಡು" ಅಂತ ಬಾವ ಕೊನೆಯ ಅಸ್ತ್ರ ಬಿಟ್ಟರು. ಇದಕ್ಕೆ ನನಗೆ ರೇಗಿತು. ಇದೇ ತಾಲ್ಲೂಕಿನ ಬೆಳ್ಳೂರಿನವರಲ್ಲವೇ ಬಿ.ಎಂ. ಶ್ರೀಕಂಠಯ್ಯ? ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂದು ಆ ಭಾಷೆಯ ಕವಿತೆಗಳನ್ನು ಕನ್ನಡದಲ್ಲೇ ಹಾಡಿಸಿದರು. ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಮೇಷ್ಟ್ರೇ. ಬರೆದಿದ್ದು ಮಾತ್ರ ಕನ್ನಡದ ಸೊಗಸಾದ ಲಲಿತ ಪ್ರಬಂಧಗಳನ್ನ. ಅವರಿಬ್ಬರೂ ಇಂಗ್ಲಿಷಿಗೆ ಹೋದರು, ಆದರೆ ಹಾಗೇ ಹೋಗಿಬಿಡಲಿಲ್ಲ. ವಾಪಸ್ಸು ಬರುವಾಗ ಬರಿಗೈಲಿ ಬರಲಿಲ್ಲ.

ಬಾವ ತಣ್ಣಗಾದರು. ಅಷ್ಟರಲ್ಲಿ ಮೊಮ್ಮಗನ ಫೋನು. ಈ ಸಲ ಬಾವ ಉಸಿರು ಎಳೆದುಕೊಂಡು "ಹೌ ಆರ್ ಯೂ?" ಅಂತ ಹಕಾರಕ್ಕೆ ಮೋಸವಿಲ್ಲದ ಹಾಗೆ ಕೇಳಿಯೇಬಿಟ್ಟರು. ಮಗು ಕೇಕೆ ಹಾಕಿತು. ಹಾಲು ಕರೆಯೋ ಹೊತ್ತಾಗಿತ್ತು. ಅಕ್ಕ ಪರದೆಗೆ ಮುಖ ತಂದು "ಮಗ, ಐ ಗೋ ಅಂಡ್ ಕಮ್" ಅಂದಳು.

"ಅಂಗಲ್ಲ ಕಣೆ, ಇಂಗ್ಲಿಷ್ನಲ್ಲಿ ಬರೀ ‘ಗೋ’ ಅಂದ್ರೆ ಸಾಕು" ಅಂತ ಬಾವ ಗೂಬೆಯ ಪರವಾಗಿ ತಿದ್ದಿದರು.

ಅಕ್ಕ ಕೈಯಲ್ಲಿದ್ದ ಚೊಂಬು ಕೆಳಗಿಟ್ಟಳು. "ಬರೀ ‘ಹೋಗ್ತೀನಿ’ ಅನ್ನೋದಾ, ಸಂಜೆ ಹೊತ್ನಲ್ಲಿ? ಬುಡ್ತು ಅನ್ನಿ!"