ತೂತಿಗೆ ಬಡ್ತಿ

ಎಲ್ಲರ ಮನೆ ದೋಸೆಯೂ ತೂತೇ. ಆದರೆ ಒಬ್ಬರ ಮನೆಯ ತೂತು ಇನ್ನೊಬ್ಬರ ಮನೆಯದಕ್ಕೆ ಹೊಂದಕೂಡದು ಎಂಬುದು ಎಲೆಕ್ಟ್ರಾನಿಕ್ಸ್ ಕಂಪನಿಗಳ ಕುಲಾಚಾರ. ನಂಬಿಕೆ ಬಾರದವರು ಟಿವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರ್ ಎಳೆದು ನೋಡಬಹುದು. ಮಿನಿ, ಮೈಕ್ರೋ, ಲೈಟ್ನಿಂಗ್, ಟೈಪ್ ಸಿ ಎಲ್ಲವೂ ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ, ಈ ಹೊತ್ತಿಗೆ ಬೇಕಾದದ್ದೊಂದನ್ನು ಬಿಟ್ಟು.

ಸೋನಿಯ ಪ್ಲೇಸ್ಟೇಷನ್ 4 ಬಂದದ್ದು 2013ರಲ್ಲಿ. ಅದರ ಡ್ಯುಯಲ್‌ಶಾಕ್ 4 ಕಂಟ್ರೋಲರ್‌ಗೆ ಕೊಟ್ಟದ್ದು ಮೈಕ್ರೋ ಯುಎಸ್‌ಬಿ ಪೋರ್ಟ್. ಮರುವರ್ಷವೇ ಹೇಗೆ ಚುಚ್ಚಿದರೂ ಹೊಗುವ ಟೈಪ್ ಸಿ ವಿನ್ಯಾಸ ಸಿದ್ಧವಾಯಿತು. 2016ರಲ್ಲಿ ಕಂಟ್ರೋಲರಿನ ಪರಿಷ್ಕೃತ ಆವೃತ್ತಿಯೂ ಬಂತು. ಏನು ಪರಿಷ್ಕಾರ ಅಂದರೆ, ಟಚ್‌ಪ್ಯಾಡಿನ ಮೇಲ್ತುದಿಯಲ್ಲೂ ಒಂದು ಬೆಳಕಿನ ಗೆರೆ ಕಾಣುವಂತಾಯಿತು. ತೂತಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಅದಕ್ಕೆ ಬಡ್ತಿ ಸಿಕ್ಕಿದ್ದು 2020ರಲ್ಲಿ, ಅದೂ ಪ್ಲೇಸ್ಟೇಷನ್ 5ರ ಕಂಟ್ರೋಲರ್‌ಗೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕೂಡ ಸೀನಿಯಾರಿಟಿ ನೋಡಿ ಬಡ್ತಿ ಕೊಡುತ್ತಾರೆ. ಇಲ್ಲಿ ಹಳಬರನ್ನು ಮನೆಗೆ ಕಳಿಸಿದರೇ ಬಡ್ತಿ.

ತೂತು ಬದಲಿಸುವುದು ಅಷ್ಟು ಘನಂದಾರಿ ಕೆಲಸವೇ? 2021ರಲ್ಲಿ ಕೆನ್ ಪಿಲೊನೆಲ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಸ್ವಿಟ್ಜರ್‌ಲೆಂಡಿನಲ್ಲಿ ಕೂತು ಐಫೋನ್ ಟೆನ್‌ಗೆ ತಾನೇ ಟೈಪ್ ಸಿ ಕೂರಿಸಿದ. ಈಬೇ ಹರಾಜಿನಲ್ಲಿ ಆ ಫೋನು 86,001 ಡಾಲರಿಗೆ ಹೋಯಿತು. ಎರಡು ವರ್ಷದ ಮೇಲೆ, ಯುರೋಪಿನ ಕಾನೂನು ಕುತ್ತಿಗೆಗೆ ಬಂದಾಗ, ಆಪಲ್ ತಾನೂ ಐಫೋನ್ 15ಕ್ಕೆ ಅದೇ ತೂತು ಕೊರೆದು ವೇದಿಕೆ ಹತ್ತಿ ಚಪ್ಪಾಳೆ ಹೊಡೆಸಿಕೊಂಡಿತು.

ನಮ್ಮ ಬೆಂಗಳೂರಿನ ಗೃಹಸ್ಥನಿಗೆ ಚಪ್ಪಾಳೆಯ ಆಸೆಯಿಲ್ಲ. ಫೋನಿನ ವಯರನ್ನೇ ಮಗನ ಹಳೇ ಕಂಟ್ರೋಲರ್‌ಗೂ ಚುಚ್ಚುವಂತಾಗಬೇಕು, ಅಷ್ಟೇ. ಅದಕ್ಕೆಂದು ಅವನು ಶನಿವಾರ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿಗೆ ಹೊರಡುತ್ತಾನೆ. ಮೈಕ್ರೋ ಕೇಬಲ್ ಅಲ್ಲೇ ಚಿಲ್ಲರೆ ದುಡ್ಡಿಗೆ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೇಬಲ್ ಕೊಂಡರೆ ಅದು ಖರ್ಚು, ಪೋರ್ಟ್ ಬದಲಿಸಿದರೆ ಪುರುಷಾರ್ಥ.

“ಪಿಎಸ್ ಫೋರ್ ಕಂಟ್ರೋಲರ್‌ಗೆ ಟೈಪ್ ಸಿ ಬೋರ್ಡ್ ಇದೆಯಾ?”

“ಇದೆ ಸಾರ್. ಹನ್ನೆರಡು ಪಿನ್ನಾ, ಹದಿನಾಲ್ಕಾ?”

“ನೋಡಿಲ್ವಲ್ಲ.”

“ಬಿಚ್ಚಿ ನೋಡ್ಕೊಂಡು ಬನ್ನಿ ಸಾರ್. ತಗೊಂಡ್ ಮೇಲೆ ವಾಪಸ್ ಇಲ್ಲ.”

ಅಂಗಡಿಯವನ ತಪ್ಪೇನೂ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರದ ಈ ಕಂಟ್ರೋಲರಿನ ಒಳಗೆ ಜೆಡಿಎಂ 001ರಿಂದ 055ರವರೆಗೆ ಬಗೆಬಗೆಯ ಬೋರ್ಡುಗಳಿವೆ. ಚಾರ್ಜಿಂಗ್ ಬೋರ್ಡಿನಿಂದ ಅವಕ್ಕೆ ಹೋಗುವ ತೆಳು ಪಟ್ಟಿ ಕೇಬಲ್ಲಿನ ಪಿನ್ನುಗಳನ್ನೂ ಕಂಪನಿ ನಡುನಡುವೆ ಬದಲಿಸಿದೆ. ತೂತೊಂದನ್ನು ಬಿಟ್ಟು ಬಾಕಿ ಎಲ್ಲವನ್ನೂ ಬದಲಿಸಲು ಪುರುಸೊತ್ತಿತ್ತು ಎಂದಾಯಿತು.

ಬಿಚ್ಚುವುದು ಸುಲಭ. ಹಿಂಬದಿಯಲ್ಲಿ ನಾಲ್ಕೇ ನಾಲ್ಕು ಸ್ಟಾರ್ ಸ್ಕ್ರೂ. ಹಿಡಿಗಳ ಹತ್ತಿರ ಉಗುರು ತೂರಿಸಿ ಅಗಲಿಸಿದರೆ ಪ್ಲಾಸ್ಟಿಕ್ಕು ಟಕ್ ಎನ್ನುತ್ತದೆ. ಆ ಟಕ್ ಬಿಚ್ಚಿಕೊಂಡದ್ದೋ ಮುರಿದದ್ದೋ ತಿಳಿಯುವ ಮೊದಲೇ ಎಲ್2 ಗುಂಡಿಯ ಸ್ಪ್ರಿಂಗು ಹಾರಿ ಸೋಫಾದ ಅಡಿ ಸೇರಿರುತ್ತದೆ. ಮನೆಮಂದಿಯೆಲ್ಲ ಟಾರ್ಚು ಹಿಡಿದು ಅದನ್ನು ಹುಡುಕಿ ತಂದ ಮೇಲೆ ಪಟ್ಟಿ ಕೇಬಲ್ ಕಳಚಬೇಕು, 1000 ಎಂಎಎಚ್ ಬ್ಯಾಟರಿಯ ಪಿನ್ನು ಕೀಳಬೇಕು, ಹಿಂಭಾಗದ ಚಿಪ್ಪಿಗೆ ಅಂಟಿ ಕೂತ ಪುಟ್ಟ ಬೋರ್ಡನ್ನು ತೆಗೆದು, ಪಿನ್ನೆಣಿಸಿ ಕೊಂಡು ತಂದ ಹೊಸದನ್ನು ಕೂರಿಸಬೇಕು. ಬೆಸುಗೆಯಿಲ್ಲ, ಹೊಗೆಯಿಲ್ಲ. ಕಂಪನಿಗೆ ಏಳು ವರ್ಷ ಹಿಡಿದ ಪ್ರಗತಿಯನ್ನು ನಮ್ಮವನು ಊಟ ಮತ್ತು ಕಾಫಿಯ ನಡುವೆ ಸಾಧಿಸಿಬಿಡುತ್ತಾನೆ. ಹಳೇ ಚಾರ್ಜರಿಗೆ ಚುಚ್ಚುತ್ತಾನೆ. ಕಿತ್ತಳೆ ದೀಪ ಮಿಣಮಿಣ ಎನ್ನುತ್ತದೆ. ಮನೆಯ ವಾಟ್ಸಾಪ್ ಗುಂಪಿಗೆ ಫೋಟೋ ಹೋಗುತ್ತದೆ.

ಸಂಜೆ ಹೆಂಡತಿ ತನ್ನ ಹೊಸ ಫೋನಿನ ಕೇಬಲ್ ತಂದು ಚುಚ್ಚುತ್ತಾಳೆ. ಎರಡೂ ತುದಿಗೆ ಟೈಪ್ ಸಿ ಇರುವ, ಯಾವುದಕ್ಕಾಗಿ ಈ ಯಜ್ಞವೆಲ್ಲ ನಡೆಯಿತೋ ಅದೇ ಕೇಬಲ್ಲು.

“ರೀ, ಇದು ಚಾರ್ಜೇ ಆಗ್ತಿಲ್ವಲ್ರೀ.”

ಆಗುವುದಿಲ್ಲ. ಟೈಪ್ ಸಿ ಚಾರ್ಜರು ಹಳೇ ಚಾರ್ಜರಿನಂತೆ ಬಂದಬಂದವರಿಗೆಲ್ಲ ಐದು ವೋಲ್ಟು ಹಂಚುವ ಧಾರಾಳಿ ಅಲ್ಲ. ಆಚೆ ತುದಿಯಲ್ಲಿ 5.1 ಕಿಲೋಓಮ್‌ನ ರೆಸಿಸ್ಟರ್ ಕಂಡರೆ ಮಾತ್ರ ಅದು ಕರೆಂಟು ಬಿಡುತ್ತದೆ. ಪೋರ್ಟಿನ ಎರಡು ಸಿಸಿ ಪಿನ್ನುಗಳಿಗೆ ಒಂದೊಂದರಂತೆ ಎರಡು ರೆಸಿಸ್ಟರ್ ಬೇಕು, ಪೈಸೆ ಲೆಕ್ಕದ ಸಾಮಾನು. ಅಗ್ಗದ ಬೋರ್ಡು ಮಾಡಿದ ಪುಣ್ಯಾತ್ಮ ಆ ಪೈಸೆಯನ್ನೂ ಉಳಿಸಿದ್ದಾನೆ. ಅವನನ್ನಾದರೂ ಏನೆಂದು ಬೈಯುವುದು? ಓದಿಕೊಂಡವರ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಕೂಡ 2019ರಲ್ಲಿ ಬಂದಾಗ ಎರಡು ಪಿನ್ನಿಗೆ ಸೇರಿಸಿ ಒಂದೇ ರೆಸಿಸ್ಟರ್ ಹಾಕಿಕೊಂಡು ಬಂದಿತ್ತು, ಕೆಲವು ದುಬಾರಿ ಕೇಬಲ್ಲುಗಳಲ್ಲಿ ಅದಕ್ಕೆ ಜೀವವೇ ಬರುತ್ತಿರಲಿಲ್ಲ. ಹೀಗಾಗಿ ಒಂದು ಕೇಬಲ್ ಕಡಿಮೆ ಮಾಡಲು ಹೊರಟವನ ಡ್ರಾಯರಿಗೆ ಈಗ ಇನ್ನೊಂದು ಕೇಬಲ್ ಸೇರುತ್ತದೆ: ಒಂದು ತುದಿ ಹಳೇ ಚೌಕ, ಇನ್ನೊಂದು ತುದಿ ಸಿ, ‘ಕಂಟ್ರೋಲರ್‌ಗೆ ಮಾತ್ರ, ಯಾರೂ ಮುಟ್ಟಬಾರದು’ ಎಂಬ ಚೀಟಿ ಸಮೇತ.

ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಬಂದೇ ಬಂತು. ಫೋನು, ಟ್ಯಾಬು, ಕ್ಯಾಮೆರಾ, ಕೀಬೋರ್ಡು, ಮೌಸು, ಕೈಯಲ್ಲಿ ಹಿಡಿದು ಆಡುವ ಕನ್ಸೋಲು, ಎಲ್ಲಕ್ಕೂ ಟೈಪ್ ಸಿ ಕಡ್ಡಾಯ. ಅದೇ ಕೈಯಲ್ಲೇ ಹಿಡಿಯುವ ಕಂಟ್ರೋಲರಿನ ಹೆಸರು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿದ್ದವರಾದರೂ ಏನು ಮಾಡಿದರು? ಆಪಲ್ ತನ್ನ ಮ್ಯಾಜಿಕ್ ಮೌಸಿಗೆ ಆ ವರ್ಷದ ಅಕ್ಟೋಬರಿನಲ್ಲೇ ಟೈಪ್ ಸಿ ಕೊಟ್ಟಿತು, ಹಳೇ ಜಾಗದಲ್ಲೇ, ಹೊಟ್ಟೆಯಡಿ. ಚಾರ್ಜಾಗುವಾಗ ಅದು ಮೊದಲಿನಂತೆಯೇ ಅಂಗಾತ ಮಲಗುತ್ತದೆ. ತೂತು ಯಾವುದಿರಬೇಕು ಎಂದು ಕಾನೂನು ಹೇಳಿತ್ತು, ಎಲ್ಲಿರಬೇಕು ಎಂದು ಹೇಳಿರಲಿಲ್ಲ.

ನಮ್ಮ ಗೃಹಸ್ಥ ಛಲ ಬಿಡುವವನಲ್ಲ. ಮರುವಾರ ರೆಸಿಸ್ಟರ್ ಇರುವ ಬೋರ್ಡನ್ನೇ ಕೇಳಿ ತಂದು ಕೂರಿಸುತ್ತಾನೆ. ಈ ಸಲ ಯಾವ ಕೇಬಲ್ಲಿಗೂ ದೀಪ ಹತ್ತುತ್ತದೆ. ಮಗ ಆಡಲು ಕೂರುತ್ತಾನೆ.

“ಅಪ್ಪಾ, ಚಾರ್ಜ್ ಫುಲ್ ಇದೆ. ಆದ್ರೆ ಗೋಲ್‌ಕೀಪರ್ ತಾನೇ ಎಡಕ್ಕೆ ನಡ್ಕೊಂಡು ಹೋಗ್ತಿದಾನೆ.”

ಎಡಗಡೆಯ ಸ್ಟಿಕ್ಕು ಸವೆದಿದೆ. ಮತ್ತೆ ಎಸ್‌ಪಿ ರೋಡು.

“ಡ್ರಿಫ್ಟ್ ಅದು ಸಾರ್. ಹಾಲ್ ಎಫೆಕ್ಟ್ ಸ್ಟಿಕ್ ಹಾಕ್ಬಿಡಿ, ಸವೆಯೋ ಮಾತೇ ಇಲ್ಲ. ಹದಿನಾಲ್ಕು ಕಡೆ ಬೆಸುಗೆ ಬಿಡಿಸ್ಬೇಕು, ಅಷ್ಟೇ.”

“ಸೋಲ್ಡರಿಂಗ್ ಐರನ್ ಇದೆಯಾ?”

“ಇದೆ ಸಾರ್. ಈಗ ಟೈಪ್ ಸಿದೇ ಬಂದಿದೆ, ಕೊಡ್ಲಾ?”